ಕತ್ತರಿಸಿದ ನಾಲ್ಕು ನಿಮಿಷ

"ಎಷ್ಟಕ್ಕ ಮಾರಿದ್ರಿ?"

ಫೋಟೊ ಸ್ಟುಡಿಯೊದ ಮೆಟ್ಟಿಲು ಹತ್ತಿ ಬಂದ ಗುಲನಾಜ ಸಲಾಂ ಕೂಡ ಹೇಳದೆ ಕೇಳಿದ ಮೊದಲ ಮಾತು ಇದು. ಲೆನ್ಸ್ ಒರೆಸುತ್ತ ಕೂತಿದ್ದ ಮುಕ್ರಮ ಗಡಬಡಿಸಿ ಎದ್ದು ನಿಂತ. ಎಂದೂ ನಕಾಬು ಹಾಕದವಳು ಅವಳು. ಇವತ್ತು ಹೆದರಿಕೆಗೆ ಹಾಕಿಕೊಂಡು ಬಂದಿದ್ದಳು. ಆದರೂ ಬರೀ ಕಣ್ಣು ನೋಡಿ ಅವನು ಗುರುತು ಹಿಡಿದ. ಅದು ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

"ಏನ್ ಮಾರಿದ್ದು, ಟೀಚರ್ರೇ?"

"ನನ್ನ ಬಾಯಿಂದನೇ ಹೇಳಸ್ತೀರಿ? ಆ ನಾಕ ನಿಮಿಷ!"

ಆ ನಾಲ್ಕು ನಿಮಿಷದ ಸುದ್ದಿ ಈಗ ಆಳಂದದಿಂದ ಅಫಜಲಪುರದ ತನಕ ಎಲ್ಲರ ಬಾಯಲ್ಲೂ ಇತ್ತು. ಜೇವರ್ಗಿಯ ಉಪಚುನಾವಣೆಯಲ್ಲಿ ಗೆದ್ದವರಿಗೂ ಸೋತವರಿಗೂ ನಡುವಿನ ಅಂತರ ಇಪ್ಪತ್ತು ಮತವೂ ಇರಲಿಲ್ಲ. ತಿರಸ್ಕೃತವಾದ ಅಂಚೆ ಮತಗಳು ಅದಕ್ಕಿಂತ ಹೆಚ್ಚಿದ್ದವು. ಒಂದೇ ಟಿಕ್ ಇರಬೇಕಾದ ಚೀಟಿಯಲ್ಲಿ ಎರಡೆರಡು ಟಿಕ್. ಎರಡನೆಯದನ್ನು ಹಾಕಿದ್ದು ಎಣಿಕೆಗೆ ಕೂತಿದ್ದ ಮಟಕಿ ಶಾಲೆಯ ಟೀಚರಮ್ಮ ಗುಲನಾಜ ಎಂದು ಸೋತವರ ಕಡೆಯವರು ದೂರು ಕೊಟ್ಟರು. ಅಧಿಕಾರಿಗಳು ವಿಡಿಯೊ ತರಿಸಿ ನೋಡಿದರೆ, ಅವಳ ಮೇಜಿನದೇ ನಾಲ್ಕು ನಿಮಿಷ ಮಾಯ! ಆ ವಿಡಿಯೊ ತೆಗೆದವನು ಮದುವೆ ಶೂಟಿಂಗಿನ ಮುಕ್ರಮ. ಎಣಿಕೆ ದಿನಕ್ಕೆಂದು ಬಾಡಿಗೆಗೆ ಕರೆಸಿದ್ದರು.

"ನಾಳೆ ಜೇವರ್ಗಿಯೊಳಗ ವಿಚಾರಣೆ ಅದ," ಅಂದಳು. ಗಟ್ಟಿಯಾಗಿ ಬೈಯಬೇಕೆಂದು ಬಸ್ಸಿನುದ್ದಕ್ಕೂ ತಯಾರಿ ಮಾಡಿಕೊಂಡು ಬಂದಿದ್ದಳು. ಈಗ ದನಿ ಒಡೆಯಿತು. "ನೌಕರಿ ಹೋಗ್ತದ. ಕೇಸ್ ಆಗ್ತದ. ಮೂರು ದಿನದಿಂದ ನಮ್ಮ ಅಬ್ಬಾ ಅಂಗಡಿ ಬಾಗಲಾ ತಗದಿಲ್ಲ. ನೀವು ಹ್ಯಾಂಗ ಇಲ್ಲಿ ಕೂತು ಲೆನ್ಸ್ ಒರಸಾಕತ್ತೀರಿ?"

"ಮಾರಿಲ್ರಿ," ಅಂದ ಮುಕ್ರಮ. "ಕತ್ತರಿಸೇನಿ. ಆದ್ರ ಮಾರಿಲ್ಲ. ಒಂದ್ಸಲ ನೋಡ್ರಿ, ಆಮ್ಯಾಲ ಚಪ್ಪಲಿ ತಗೊಂಡ್ರೂ ನಡೀತದ."

ಅವನು ಕಂಪ್ಯೂಟರಿನ ಕಡೆ ಕೈ ಚಾಚಿದ. ಅಷ್ಟರಲ್ಲಿ ಹೊರಗೆ ಬುಲೆಟ್ ಬಂದು ನಿಂತ ಸದ್ದು ಕೇಳಿತು.

ಆ ಸದ್ದು ಗುಲನಾಜಳಿಗೆ ಗೊತ್ತಿತ್ತು. ಎರಡು ದಿನದಿಂದ ಶಾಲೆಯ ಗೇಟಿನ ಎದುರಿಗೂ, ಮನೆಯ ಓಣಿಯ ಬಾಯಲ್ಲೂ ಸೋತವರ ಕಡೆಯ ಅದೇ ಬುಲೆಟ್ ನಿಲ್ಲುತ್ತಿತ್ತು. ಯಾರೂ ಇಳಿಯುತ್ತಿರಲಿಲ್ಲ, ಏನೂ ಅನ್ನುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದರು.

ಮುಕ್ರಮ ಕಣ್ಣಲ್ಲೇ ಒಳಗಿನ ಪರದೆ ತೋರಿಸಿದ. ಫೋಟೊ ತೆಗೆಸಿಕೊಳ್ಳುವವರ ಹಿಂದೆ ಇಳಿಬಿಡುವ, ಗುಲಾಬಿ ತೋಟದ ಚಿತ್ರವಿದ್ದ ಪರದೆ. ಅವಳು ಹಿಂದೆಮುಂದೆ ನೋಡದೆ ಅದರ ಮರೆಗೆ ಹೋಗಿ ಗೋಡೆಗೆ ಅಂಟಿ ನಿಂತಳು.

ಒಳಗೆ ಬಂದವನು ಒಬ್ಬನೇ. "ಪಾಸ್‌ಪೋರ್ಟ್ ಫೋಟೊ ಬೇಕಾಗ್ಯಾದ," ಎಂದು ಸ್ಟೂಲಿನ ಮೇಲೆ ಕೂತ. ಅವನ ಬೆನ್ನಿಗೂ ಅವಳಿಗೂ ನಡುವೆ ಆ ಬಟ್ಟೆಯ ಗುಲಾಬಿಗಳು ಮಾತ್ರ ಇದ್ದವು. ಅವನ ಹೆಗಲಿನ ಅತ್ತರಿನ ವಾಸನೆ ಅವಳ ಮೂಗಿಗೆ ಬಡಿಯಿತು. ಸೀನು ಬಂದರೆ ಕತೆ ಮುಗಿದಂತೆ! ಎರಡೂ ಕೈಯಿಂದ ಮೂಗು ಒತ್ತಿ ಹಿಡಿದಳು.

"ಆ ನಾಕ ನಿಮಿಷ ಎಲ್ಲಿ ಇಟ್ಟಿಯಪಾ?" ಅಂದ ಅವನು, ಊಟ ಆಯ್ತಾ ಅಂತ ಕೇಳಿದ ಹಾಗೆ.

"ಇಲ್ರಿ. ಬ್ಯಾಟರಿ ಇಳದಿತ್ತು."

"ಹಾಂ. ಹಂಗೇ ಇಳದಿರ್ಲಿ. ಸಿಗಲ್ದಿದ್ರ ಎಲ್ಲಾರಿಗೂ ಚಲೋ. ಸಿಕ್ರ ನಿನಗೂ ಆ ಟೀಚರಗೂ ಚಲೋ ಅಲ್ಲ."

ಮುಕ್ರಮ ಎಂಜಲು ನುಂಗಿದ್ದು ಪರದೆಯ ಹಿಂದಿದ್ದವಳಿಗೂ ಕೇಳಿಸಿತು. ಆಮೇಲೆ ಅವನು ಕ್ಯಾಮೆರಾ ಎತ್ತಿ ಅಂದ: "ಗದ್ದ ಸ್ವಲ್ಪ ಕೆಳಗ ಮಾಡ್ರಿ. ಹಾಂ. ನಗಬ್ಯಾಡ್ರಿ, ಪಾಸ್‌ಪೋರ್ಟಿಗೆ ನಡ್ಯಾಂಗಿಲ್ಲ."

ಬುಲೆಟ್ ಸದ್ದು ಬಸ್‌ಸ್ಟ್ಯಾಂಡಿನ ಕಡೆ ಕರಗಿಹೋದ ಮೇಲೂ ಗುಲನಾಜ ಅಲ್ಲಿಂದ ಕದಲಲಿಲ್ಲ. ಮುಕ್ರಮ ಪರದೆ ಸರಿಸಿದಾಗ ಅವನ ಮುಖವೂ ಸುಣ್ಣದ ಗೋಡೆಯಂತಾಗಿತ್ತು. ಇಷ್ಟು ಹೆದರಿದವನು ದುಡ್ಡು ತಿಂದಿರಲಾರ ಎಂದು ಅವಳಿಗೆ ಆಗಲೇ ಅನ್ನಿಸಿತು. ದುಡ್ಡು ತಿಂದವರು ಬುಲೆಟ್ ಮೇಲೆ ಬಂದವನಿಗೆ ಚಹಾ ತರಿಸುತ್ತಾರೆ.

"ನೋಡ್ರಿ," ಎಂದು ಅವನು ಕಂಪ್ಯೂಟರು ಅವಳತ್ತ ತಿರುಗಿಸಿದ.

ಎಣಿಕೆಯ ಕೋಣೆ. ಬೆಳಗಿನ ಬೆಳಕು. ತಂತಿ ಜಾಲರಿಯ ಆಚೆ ಎರಡೂ ಕಡೆಯ ಏಜೆಂಟರು, ಈಚೆ ಉದ್ದನೆಯ ಮೇಜು. ಮೇಲ್ವಿಚಾರಕರು ಅಂಚೆ ಮತಗಳನ್ನು ಒಂದೊಂದಾಗಿ ಎತ್ತಿ ಜಾಲರಿಯ ಕಡೆ ತೋರಿಸುತ್ತಿದ್ದರು. ಎರಡು ಟಿಕ್ ಇದ್ದವನ್ನು ಬೇರೆ ಇಡುತ್ತಿದ್ದರು. ಅಷ್ಟರಲ್ಲಿ ಕ್ಯಾಮೆರಾ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಮೇಜು ಚಿತ್ರದ ಅಂಚಿಗೆ ಹೋಯಿತು, ನಡುವಿಗೆ ಗುಲನಾಜ ಬಂದಳು.

ಅವಳು ಮೇಜಿನ ಮೇಲೆ ತಡಕಾಡುತ್ತಿದ್ದಳು. ಪೆನ್ನು ಇಲ್ಲ. ತಲೆಯೆತ್ತಿ ಅತ್ತಿತ್ತ ನೋಡಿದಳು. ಆಮೇಲೆ ಸೀದಾ ಕ್ಯಾಮೆರಾದ ಕಡೆ ನೋಡಿದಳು. ಬೆಳಿಗ್ಗೆ ಗೇಟಿನಲ್ಲಿ ಸಹಿ ಹಾಕಲು ಅವಳ ಹಸಿರು ಪೆನ್ನು ಇಸಿದುಕೊಂಡ ಮಹಾರಾಯ ಅದನ್ನು ತನ್ನ ಜೇಬಿಗೆ ಸಿಕ್ಕಿಸಿಕೊಂಡು ಕ್ಯಾಮೆರಾದ ಹಿಂದೆ ನಿಂತಿದ್ದ. ಅವಳು ಹುಬ್ಬು ಎತ್ತಿದಳು. ಅಂಗೈ ಚಾಚಿದಳು. ಅಂಗೈ ಮೇಲೆ ಬೆರಳಿಂದ ಬರೆದು ತೋರಿಸಿದಳು, ಕೊಡ್ರಿ ಎಂದು. ಅವನು ಕೊಡಲಿಲ್ಲ. ಅವಳು ಕಣ್ಣು ಕೆಕ್ಕರಿಸಿದಳು. ಆ ಕೆಕ್ಕರಿಸಿದ ಕಣ್ಣಿನಲ್ಲೇ ನಗು ಬಂತು. ತಡೆಯಲಾರದೆ ದುಪಟ್ಟಾದ ಅಂಚು ಬಾಯಿಗೆ ಒತ್ತಿಕೊಂಡು ನಕ್ಕಳು. ಕ್ಯಾಮೆರಾ ಆ ನಗುವಿನ ಮೇಲೇ ನಿಂತುಬಿಟ್ಟಿತು.

ತನ್ನ ಮುಖ ಹೀಗೂ ಇರುತ್ತದೆ ಎಂದು ಗುಲನಾಜಳಿಗೆ ಗೊತ್ತಿರಲಿಲ್ಲ.

"ಯಾಕ ಕತ್ತರಿಸಿದ್ರಿ?" ಈ ಸಲ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ರೂಢಿ ಬಿದ್ದದ್ರಿ. ಮದಿವಿ ವಿಡಿಯೊದಾಗ ಯಾವ ಹುಡುಗಿ ಮ್ಯಾಲ ಕ್ಯಾಮೆರಾ ಭಾಳ ಹೊತ್ತು ನಿಂತಿರ್ತದೋ ಅದನ್ನ ತಗದು ಕೊಡ್ತೀವಿ. ಇಲ್ಲಂದ್ರ ಮನಿ ಮಂದಿ ಕೇಳ್ತಾರ, ಹುಡುಗಿ ಹೆಸರು ಕೆಡ್ತದ. ಇದೂ ಹಂಗೇ ಅಂತ ಕೊಡೂ ಮುಂದ ಕತ್ತರಿ ಹಾಕಿದೆ. ಇಲೆಕ್ಷನ್ನು ಮದಿವಿ ಅಲ್ಲಂತ ಹೊಳೀಲಿಲ್ಲ ನನಗ."

"ಕತ್ತರಿಸಿದ್ದನ್ನ ಅಳಸೂದಿತ್ತಲ್ಲ?"

ಮುಕ್ರಮ ಕಂಪ್ಯೂಟರಿನ ಕಡೆ ನೋಡಿದ, ನೆಲದ ಕಡೆ ನೋಡಿದ. "ಮನಸ ಬರ್ಲಿಲ್ರಿ. ದಿನಾ ಒಂದ್ಸಲ ನೋಡ್ತೇನಿ."

ಹೇಳಬೇಕಾದ್ದು ಅಷ್ಟರಲ್ಲೇ ಹೇಳಿ ಮುಗಿದಿತ್ತು. ಅವಳಿಗೆ ಖುಷಿ ಆಯಿತು. ಇಂಥ ಹೊತ್ತಿನಲ್ಲಿ ಖುಷಿ ಆಯಿತಲ್ಲ ಎಂದು ಹೆದರಿಕೆಯೂ ಆಯಿತು. ಇದನ್ನು ತೋರಿಸಿದರೆ ಅವಳ ಕೈಯಲ್ಲಿ ಪೆನ್ನೇ ಇರಲಿಲ್ಲ ಎಂದು ಸಾಬೀತಾಗುತ್ತದೆ, ನೌಕರಿ ಉಳಿಯುತ್ತದೆ. ಆದರೆ ವಿಚಾರಣೆಯ ಕೋಣೆಯಲ್ಲಿ ಅಬ್ಬಾ ಕೂತಿರುತ್ತಾರೆ. ಊರಿನ ಹತ್ತು ಮಂದಿ ಇರುತ್ತಾರೆ. ಮಗಳು ಪರಗಂಡಸಿಗೆ ಕಣ್ಣಲ್ಲೇ ಮಾತಾಡಿದ್ದನ್ನು ಅವರೆಲ್ಲ ದೊಡ್ಡ ಪರದೆಯ ಮೇಲೆ ನೋಡುತ್ತಾರೆ.

"ನೀವು ಹೇಳಿದ್ರ ಈಗೇ ಅಳಸ್ತೇನಿ," ಅಂದ ಮುಕ್ರಮ. "ರೊಕ್ಕ ತಿಂದೇನಂತ ಒಪ್ಕೋತೇನಿ. ಎಲ್ಲಾ ನನ್ನ ತಲಿ ಮ್ಯಾಲ ಬರ್ಲಿ."

"ಹುಚ್ಚು ಹಿಡದದ ಏನ್ ನಿಮಗ?" ಅವಳು ಗದರಿದಳು. ಆಮೇಲೆ ಬಾಗಿಲ ಬಳಿ ನಿಂತು, ಬೀದಿಯನ್ನು ಎರಡೂ ಕಡೆ ಇಣುಕಿ ನೋಡಿ ಅಂದಳು: "ನಾಳೆ ತಗೊಂಡು ಬರ್ರಿ. ನಾ ನಕಾಬ್ ತಗದೆ ಅಂದ್ರ ತೋರಸ್ರಿ. ತಗೀಲಿಲ್ಲಂದ್ರ ಬ್ಯಾಡ."

ಮರುದಿನ ಜೇವರ್ಗಿಯ ಆ ಸಭಾಂಗಣದಲ್ಲಿ ಫ್ಯಾನು ತಿರುಗುತ್ತಿದ್ದರೂ ಎಲ್ಲರ ಅಂಗಿ ಬೆವರಿಗೆ ಅಂಟಿತ್ತು. ಒಂದು ಕಡೆ ಗೆದ್ದವರ ವಕೀಲರು, ಇನ್ನೊಂದು ಕಡೆ ಸೋತವರ ಮಂದಿ. ಬುಲೆಟ್‌ನವನು ಬಾಗಿಲಿಗೇ ಒರಗಿ ನಿಂತಿದ್ದ. ಗುಲನಾಜಳ ಪಕ್ಕದಲ್ಲಿ ಅವಳ ಅಬ್ಬಾ ಅಬ್ದುಲ್ ಗನಿ ಟೋಪಿ ಸರಿಮಾಡಿಕೊಳ್ಳುತ್ತ, ಮತ್ತೆ ಸರಿಮಾಡಿಕೊಳ್ಳುತ್ತ ಕೂತಿದ್ದರು.

"ಕಾಣೆಯಾದ ಭಾಗ ನಿಮ್ಮ ಬಳಿ ಇದೆಯೋ ಇಲ್ಲವೋ?" ಅಧಿಕಾರಿ ಕೇಳಿದರು.

ಮುಕ್ರಮ ಎದ್ದು ನಿಂತ. ಗುಲನಾಜಳತ್ತ ನೋಡಿದ.

ಅವಳ ಕೈ ಮೇಲೇಳಲಿಲ್ಲ. ಬಾಗಿಲಲ್ಲಿದ್ದವನು ಅವಳನ್ನೇ ನೋಡುತ್ತಿದ್ದ. ಅಬ್ಬಾರ ಮೊಣಕೈ ಅವಳ ಮೊಣಕೈಗೆ ತಗಲಿತ್ತು. ಮಾಡದ ತಪ್ಪಿಗೆ ಈ ಮುದುಕ ಇನ್ನೆಷ್ಟು ದಿನ ಅಂಗಡಿ ಮುಚ್ಚಿಕೊಂಡು ಕೂತಿರಬೇಕು? ಗುಲನಾಜ ಕಣ್ಣು ಮುಚ್ಚಿ ನಕಾಬಿನ ಗಂಟು ಬಿಚ್ಚಿದಳು.

"ಅದ ಸಾಹೇಬ್ರ," ಅಂದ ಮುಕ್ರಮ.

ಪರದೆಯ ಮೇಲೆ ಅವಳು ಹುಬ್ಬು ಎತ್ತಿದಳು, ಅಂಗೈ ಚಾಚಿದಳು, ನಕ್ಕಳು. ಹಿಂದೆ ಯಾರೋ ಕಿಸಕ್ಕೆಂದರು. ಯಾರೋ ಸಿಳ್ಳೆ ಹೊಡೆಯಹೋಗಿ ಬೈಸಿಕೊಂಡರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಆದರೆ ಅವಳ ಖಾಲಿ ಕೈಗಳೂ, ಮೇಲ್ವಿಚಾರಕರು ಎತ್ತಿ ತೋರಿಸುತ್ತಿದ್ದ ಚೀಟಿಯಲ್ಲಿ ಮೊದಲೇ ಬಿದ್ದಿದ್ದ ಎರಡು ಟಿಕ್ಕೂ ಎಲ್ಲರಿಗೂ ಕಂಡವು. ಬಾಗಿಲಲ್ಲಿದ್ದವನು ಯಾವಾಗ ಜಾರಿಕೊಂಡನೋ ಯಾರೂ ನೋಡಲಿಲ್ಲ.

"ಕ್ಯಾಮೆರಾ ಮೇಜಿನ ಮೇಲಿರಬೇಕಿತ್ತು," ಅಧಿಕಾರಿ ಗಡುಸಾಗಿ ಅಂದರು. "ಯಾಕೆ ಇರಲಿಲ್ಲ?"

"ಅವ್ರನ್ನ ನೋಡಾಕತ್ತಿದ್ದೆ ಸಾಹೇಬ್ರ. ತಪ್ಪು ನಂದು. ಅವ್ರು ತಮ್ಮ ಪೆನ್ನ ಕೇಳಿದ್ರು, ಅಷ್ಟೇ. ನಾನೇ ಕೊಡ್ಲಿಲ್ಲ."

ಇನ್ನು ಮುಂದೆ ಚುನಾವಣೆಯ ಕೆಲಸಕ್ಕೆ ಇವನನ್ನು ಕರೆಯಕೂಡದು ಎಂದು ಅಧಿಕಾರಿ ಬರೆಸಿದರು. ಟೀಚರ್ ಮೇಲಿನ ಆರೋಪಕ್ಕೆ ಆಧಾರವಿಲ್ಲ ಎಂದೂ ಬರೆಸಿದರು. ಫಲಿತಾಂಶದ ಜಗಳ ಕೋರ್ಟಿಗೆ ಹೋಯಿತು. ಅಬ್ದುಲ್ ಗನಿ ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು.

ಬಸ್ಸಿನಲ್ಲಿ ಅಪ್ಪ ಮಗಳು ಒಂದೇ ಸೀಟಿನಲ್ಲಿ ಕೂತರು. ಭೀಮೆಯ ಸೇತುವೆ ದಾಟಿತು, ಅವರು ಮಾತಾಡಲಿಲ್ಲ. ಕಲಬುರಗಿಯಲ್ಲಿ ಬಸ್ ಬದಲಿಸಿದರು, ಆಗಲೂ ಇಲ್ಲ. ವಿಚಾರಣೆಗೆ, ಬುಲೆಟ್‌ಗೆ ಹೆದರಿದ್ದು ಏನೂ ಅಲ್ಲ ಅನ್ನಿಸಿತು ಗುಲನಾಜಳಿಗೆ, ಈ ಮೌನದ ಎದುರು. ಕಡಗಂಚಿ ಬಂತು. ಯೂನಿವರ್ಸಿಟಿ ಹುಡುಗರು ಗದ್ದಲ ಮಾಡುತ್ತ ಇಳಿದುಹೋದರು, ಬಸ್ ಖಾಲಿಯಾಯಿತು.

"ಆ ಹುಡುಗ ಪೆನ್ನ ವಾಪಸ್ ಕೊಟ್ಟನೇನು?" ಅಬ್ದುಲ್ ಗನಿ ಎದುರಿನ ಸೀಟನ್ನೇ ನೋಡುತ್ತ ಕೇಳಿದರು.

"ಇಲ್ಲ ಅಬ್ಬಾ."

"ಮಂದಿ ಪೆನ್ನ ಇಷ್ಟು ದಿನ ಇಟ್ಕೋಬಾರದು. ಶುಕ್ರವಾರ ನಮಾಜ್ ಆದಮ್ಯಾಲ ಮನೀಗೆ ಬಂದು ಕೊಡಂತ ಹೇಳು."

ಅವಳು ತಿರುಗಿ ಅವರ ಮುಖ ನೋಡಿದಳು. ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಒಬ್ಬನೇ ಬರೂದು ಬ್ಯಾಡ, ಬೇಟಾ. ಅವನ ಅಮ್ಮಾನ ಕರ್ಕೊಂಡು ಬರ್ಲಿ."

ಗುಲನಾಜ ಕಿಟಕಿಯ ಕಡೆ ತಿರುಗಿ, ದುಪಟ್ಟಾದ ಅಂಚು ಬಾಯಿಗೆ ಒತ್ತಿಕೊಂಡಳು.