ಸೂಜಿ ಮಾಮನಿಗೆ ನೆಗಡಿ

"ಮಾತ್ರೆ ಕೊಟ್ಟಿಲ್ಲ ತಾನೇ?"

ದಿನ ಬಿಟ್ಟು ದಿನ ಬೆಳಿಗ್ಗೆ ಏಳಕ್ಕೆ ರಕ್ತ ತೆಗೆಯಲು ಬರುವ ಲ್ಯಾಬ್‌ನವನ ಮೊದಲ ಮಾತು ಇದೇ. ಮಾಸ್ಕಿನ ಮೇಲೆ ಎರಡೇ ಎರಡು ಕಣ್ಣು. ಅಷ್ಟಕ್ಕೇ ನಾನು ಢಮಾರ್!

ನಾವು ಮೆಣಸು ಎಂದು ಕರೆಯುವ ನನ್ನ ಅಕ್ಕನ ಮಗಳಿಗೆ ಆರು ವರ್ಷ. ಅವಳ ಮೈಯ ಕಾವಲುಗಾರರೇ ಅವಳ ರಕ್ತಕಣಗಳನ್ನು ಕಳ್ಳರೆಂದು ತಿಳಿದು ಕೊಲ್ಲುತ್ತಿದ್ದರು. ಅವರನ್ನು ಮಲಗಿಸಲು ಈ ಮಾತ್ರೆ; ರಕ್ತ ತೆಗೆಯುವ ಮೊದಲೇ ನುಂಗಿಸಿದರೆ ಔಷಧಿಯ ಅಳತೆ ಹೆಚ್ಚು ತೋರಿಸುತ್ತದೆ. ಕಾವಲುಗಾರರು ಮಲಗಿದರೆ ಯಾರದೋ ಒಂದು ಸೀನೂ ಅಪಾಯ. ಅಕ್ಕ ಹಸಿ ಬಾಣಂತಿ. ಹಾಗಾಗಿ ಆಸ್ಪತ್ರೆಯ ನೆಲಮಹಡಿಯಲ್ಲಿ, ತೆರೆಯದ ಕಿಟಕಿಯ ಈ ಕೋಣೆಯಲ್ಲಿ ಇಪ್ಪತ್ತಮೂರು ದಿನಗಳಿಂದ ನಾನೂ ಬಂದಿ.

"ಹೊರಗೆ ಬಂದ್ಮೇಲೆ ಒಂದು ಕಾಫಿ ಕುಡಿಯೋಣ್ವಾ?" ಎಂದು ಅವನನ್ನು ಕೇಳಿಯೇಬಿಟ್ಟಿದ್ದೆ. ಕಣ್ಣುಗಳು ನಕ್ಕಿದ್ದವು. ಆಮೇಲೆ ಎರಡು ಸಲವೂ ಬೇರೆಯವರು ಬಂದರು.

"ಸೂಜಿ ಮಾಮನ್ನ ಹೆದರಿಸಿ ಓಡಿಸ್ಬಿಟ್ಯಾ ಚಿಕ್ಕಿ?" ಎಂದಳು ಮೆಣಸು.

ಇಂದಿನ ಟೆಸ್ಟಿನಲ್ಲಿ ರಕ್ತದಲ್ಲಿರುವ ಔಷಧಿ ಸರಿಯಿದ್ದರೆ ನಾಳೆ ಮನೆ. ಏಳಕ್ಕೆ ಐದು ನಿಮಿಷವಿರುವಾಗ ಕಿಟಕಿಯಾಚೆ ಪಾರ್ಕಿಂಗ್‌ನಲ್ಲಿ ಅವನು! ಒಳಗೆ ಬರದೆ ಅಲ್ಲೇ ನಿಂತಿದ್ದಾನೆ. ಬೇಕಂತಲೇ ಬೆನ್ನು ತಿರುಗಿಸಿದೆ. ಕೈ ಸುಮ್ಮನಿರಬೇಕಲ್ಲ, ಮಾತ್ರೆ ಬಿಡಿಸಿ ಮೆಣಸಿಗೆ ನುಂಗಿಸಿದೆ.

ನರ್ಸ್ ಸೂಜಿ ಹಿಡಿದು ಬಂದರು. "ಮಾತ್ರೆ ಕೊಟ್ಟಿಲ್ಲ ತಾನೇ?"

ಇಲ್ಲ ಎಂದರೆ ನಾಳೆ ಬಿಡುಗಡೆ. ಆದರೆ ಟೆಸ್ಟ್ ತಪ್ಪಿ, ಡೋಸ್ ತಪ್ಪಿ, ಕಾವಲುಗಾರರು ಎದ್ದು ಕೂತರೆ?

"ಕೊಟ್ಬಿಟ್ಟೆ ಸಿಸ್ಟರ್..."

"ಅಯ್ಯೋ ದೇವ್ರೇ! ಹಾಗಾದ್ರೆ ಟೆಸ್ಟ್ ನಾಳೆ. ಮನೆ ನಾಡಿದ್ದು."

ನಾಲ್ಕೂ ಗೋಡೆ ಒಂದೊಂದು ಹೆಜ್ಜೆ ಹತ್ತಿರ ಬಂದವು.

ಕಿಟಕಿಗೆ ಟಕ್ ಟಕ್. ಗಾಜಿಗೆ ಒತ್ತಿದ ಚೀಟಿಯಲ್ಲಿ ಫೋನ್ ನಂಬರ್. ಉರಿಯುತ್ತಲೇ ಒತ್ತಿದೆ.

"ನೆಗಡಿ ರೀ," ಕಟ್ಟಿದ ಮೂಗಿನ ದನಿ. "ರಜೆ ಹಾಕಿದೀನಿ. ನಾನು ಒಳಗೆ ಬಂದು ಸೀನಿದ್ರೆ ನೀವು ಇನ್ನೊಂದು ತಿಂಗಳು ಅಲ್ಲೇ. ನಮ್ಮ ಕಾಫಿ ಏನಾಗ್ಬೇಕು?"

"ಮೊದಲೇ ಹೇಳೋಕೆ ಏನಾಗಿತ್ತು? ನಿಮ್ಮ ಮೇಲಿನ ಸಿಟ್ಟಲ್ಲಿ ಮಾತ್ರೆ ಕೊಟ್ಬಿಟ್ಟೆ!"

"ಸಿಟ್ಟಾ?" ಅವನು ಗಾಜಿನ ಹತ್ತಿರ ಬಂದ. "ಅಂದ್ರೆ... ಕಾಯ್ತಿದ್ರಾ?"

"ಇಲ್ಲಿ ಮಾಡೋಕೆ ಬೇರೆ ಏನಿದೆ?" ಎಂದೆ. ಆಮೇಲೆ ಬಿಂಕ ಸಾಕೆನಿಸಿತು. "ಹೂಂ. ನಿಮ್ಮನ್ನೇ ಕಾಯ್ತಿದ್ದೆ."

ಅವನು ಮಾಸ್ಕ್ ಇಳಿಸಿದ. ಇಪ್ಪತ್ತಮೂರು ದಿನಗಳಲ್ಲಿ ಮೊದಲ ಸಲ ಪೂರ್ತಿ ಮುಖ. ಟೊಮೇಟೊದಂಥ ಮೂಗು. ಎಷ್ಟು ಚೆಂದ!

ಮೆಣಸು ಫೋನಿಗೆ ಬಾಯಿ ಹಾಕಿದಳು. "ಚಿಕ್ಕಿ, ಇವ್ರು ನಿನ್ನ ಮದ್ವೆ ಆದ್ರೆ ಮಾಮ ಅನ್ಬಾರ್ದು ಅಲ್ವಾ? ಸೂಜಿ ಚಿಕ್ಕಪ್ಪ ಅನ್ಬೇಕು!"

ಗಾಜಿನಾಚೆ ಎರಡು ಕಿವಿಗಳೂ ಮೂಗಿನ ಬಣ್ಣಕ್ಕೆ ತಿರುಗಿದವು.