ಮೇಷ್ಟ್ರ ಹೆಸರಲ್ಲಿ ಹೋದ ನೋಟಿಸು

ಹಲ್ಲುಜ್ಜುತ್ತಾ ಫೋನ್ ನೋಡುವ ಕೆಟ್ಟ ಚಾಳಿ ಅವನಿಗೆ. ಅವತ್ತು ಬೆಳಗ್ಗೆ ಹಾಗೆ ನೋಡಿದವನ ಬಾಯಲ್ಲಿ ಬ್ರಷ್ ಅಲ್ಲೇ ನಿಂತುಹೋಯಿತು.

"ಕೆಲಸ ಹಿಡಿದುಕೊಂಡು ಸುಮ್ಮನೆ ಕೂರುವವರಿಂದ ಉಳಿದವರಿಗೆ ತೊಂದರೆ. ನಿಮ್ಮಿಂದ ಆಗದಿದ್ದರೆ ದಯವಿಟ್ಟು ಬಿಟ್ಟುಬಿಡಿ" ಎಂದು ಗುಂಪಿನ ಪುಟದಲ್ಲಿ ಅವಳಿಗೆ ಯಾರೋ ಬರೆದಿದ್ದರು. ಯಾರೋ ಏನು ಬಂತು, ಇವನೇ! ಪಕ್ಕದಲ್ಲಿ ಇವನದೇ ಹೆಸರು, ಇವನದೇ ಗಂಟುಮುಖದ ಫೋಟೋ. ಅದರ ಕೆಳಗೆ ಅವಳ ಚುಟುಕು ಉತ್ತರ: "ಬಿಟ್ಟಿದ್ದೇನೆ. ಕ್ಷಮಿಸಿ."

"ಅಯ್ಯೋ, ಕೆಟ್ಟೆ!" ಅಂದ, ಬಾಯಿ ತುಂಬ ನೊರೆ ಇಟ್ಟುಕೊಂಡೇ.

ಅವನು ಕೆಟ್ಟಿದ್ದು ಹೇಗೆ ಅಂತ ತಿಳಿಯಬೇಕಾದರೆ ಅವನ ಗುಂಪಿನ ರೀತಿನೀತಿ ಸ್ವಲ್ಪ ಗೊತ್ತಿರಬೇಕು. ಕಿವಿ ಕೇಳದವರಿಗಾಗಿ, ಎದುರಿನವರು ಆಡಿದ ಮಾತನ್ನು ಆಗಿಂದಾಗಲೇ ಅಕ್ಷರ ಮಾಡಿ ಫೋನಿನಲ್ಲಿ ತೋರಿಸುವ ಸಾಫ್ಟ್‌ವೇರ್ ಅವರದು. ಓಪನ್ ಸೋರ್ಸ್. ಅಂದರೆ ಯಾರು ಬೇಕಾದರೂ ಒಳಹೊಕ್ಕು ನೋಡಬಹುದು, ತಿದ್ದಬಹುದು. ಸಂಬಳ ಯಾರಿಗೂ ಇಲ್ಲ, ಬೈಗುಳ ಮಾತ್ರ ಎಲ್ಲರಿಗೂ ಸಮಪಾಲು. ಆಗಬೇಕಾದ ಕೆಲಸಗಳೆಲ್ಲ ಒಂದು ಪುಟದಲ್ಲಿ ಇರುತ್ತವೆ. ಇಷ್ಟವಾದದ್ದರ ಕೆಳಗೆ 'ನಾನು ಮಾಡ್ತೀನಿ' ಎಂದು ಬರೆದರೆ ಅದು ನಿಮ್ಮದು. ಎರಡು ವಾರ ಸದ್ದಿಲ್ಲದೆ ಕೂತರೆ ನೋಟಿಸು ಬರುತ್ತದೆ.

ಆ ನೋಟಿಸನ್ನು ತಂತಾನೇ ಕಳಿಸುವ ಪುಟ್ಟ ಪ್ರೋಗ್ರಾಂ ಬರೆದವನು ಇವನೇ, ಹಾಗಾಗಿ ಅದು ಹೋಗುವುದೂ ಇವನ ಹೆಸರಲ್ಲೇ. ಯಾವುದೋ ಕಾಲದಲ್ಲಿ, ಯಾರ ಮೇಲೋ ಸಿಟ್ಟು ನೆತ್ತಿಗೇರಿದ್ದಾಗ ಬರೆದು, ಆಮೇಲೆ ಮರೆತೇಬಿಟ್ಟಿದ್ದ. ಹಗಲು ಅಕ್ಕನ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವ ಇವನಿಗೆ ಗುಂಪಿನಲ್ಲಿ ಮೇಷ್ಟ್ರು ಎಂದೇ ಹೆಸರು. ಯಾರು ಏನು ಬರೆದು ತಂದರೂ ತಿದ್ದದೆ ಬಿಡುವ ಜಾಯಮಾನ ಅವನದಲ್ಲ.

ಅಂಥವನ ಎದುರು ಒಂದು ಶನಿವಾರ ಅವಳು ಬಂದು ಕೂತಿದ್ದಳು, ಗುಂಪು ಸೇರುವ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಓದಿದ್ದು ಫಿಸಿಯೋಥೆರಪಿ, ಕೆಲಸ ಕ್ಲಿನಿಕ್ಕಿನಲ್ಲಿ. ತಂಗಿಗೆ ಕಿವಿ ಕೇಳುವುದಿಲ್ಲ.

"ಕಂಪ್ಯೂಟರ್ ಅಷ್ಟಕ್ಕಷ್ಟೇ. ಈಗ ಕಲೀತಿದ್ದೀನಿ. ಹಟ ಮಾತ್ರ ಬೇಕಾದಷ್ಟಿದೆ. ನಡೆಯುತ್ತಾ?" ಎಂದಿದ್ದಳು, ಕಣ್ಣಿಗೆ ಬಿದ್ದ ಕೂದಲನ್ನು ಊದಿ ಸರಿಸುತ್ತಾ.

ನಡೆಯದೆ ಏನು! ಅವತ್ತಿನಿಂದ ಪುಟದಲ್ಲಿ 'ಹೊಸಬರಿಗೆ' ಎಂಬ ಗುರುತಿನ ಚಿಕ್ಕ ಚಿಕ್ಕ ಕೆಲಸಗಳು ಕಾಣಿಸಿಕೊಳ್ಳತೊಡಗಿದವು. ಎಲ್ಲಿ ನೋಡಬೇಕು, ಏನು ಬದಲಿಸಬೇಕು, ಕೆಟ್ಟರೆ ಹೇಗೆ ಸರಿಮಾಡಬೇಕು, ಎಲ್ಲವನ್ನೂ ಬಿಡಿಸಿ ಬಿಡಿಸಿ ಬರೆಯುತ್ತಿದ್ದ. ತಾನೇ ಮಾಡಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಒಂದಿಡೀ ಸಂಜೆ ಹೋಗುತ್ತಿತ್ತು. ಅವಳು ಒಂದೊಂದನ್ನೇ ಆರಿಸಿ, ಮುಗಿಸಿ, ಶನಿವಾರ ಬಂದು ಒಂದು ಹುಬ್ಬು ಮಾತ್ರ ಮೇಲೇರಿಸಿ ಕೇಳುತ್ತಿದ್ದಳು.

"ಮೇಷ್ಟ್ರೇ, ಪಾಸಾ?"

"ಪರವಾಗಿಲ್ಲ" ಎನ್ನುತ್ತಿದ್ದ, ಪರದೆಯಿಂದ ಕಣ್ಣು ಕೀಳದೆ. ಕಿವಿ ಕೆಂಪಾಗುತ್ತಿದ್ದುದು ಅವಳಿಗೆ ಕಾಣುತ್ತಿರಲಿಲ್ಲ ಎಂದು ಅವನ ನಂಬಿಕೆ.

ಹೀಗಿರುವಾಗ ಅವಳು ದೊಡ್ಡದಕ್ಕೇ ಕೈ ಹಾಕಿದಳು. ಇಬ್ಬರು ಒಟ್ಟಿಗೆ ಮಾತಾಡಿದರೆ ಈ ಸಾಫ್ಟ್‌ವೇರ್ ಕಕ್ಕಾಬಿಕ್ಕಿ. ಒಬ್ಬರ ಮಾತಿಗೆ ಇನ್ನೊಬ್ಬರ ಬಾಲ ಅಂಟಿಸಿ ತೋರಿಸುತ್ತದೆ. ಅದನ್ನು ಸರಿಮಾಡಲು ಮೇಷ್ಟ್ರೇ ಹೋಗಿ ಸೋತು ಬಂದಿದ್ದ. ಬೇರೆ ಯಾರ್ಯಾರೋ ಹಿಡಿದಿದ್ದರು. ಹಿಡಿದವರು ಆಮೇಲೆ ಗುಂಪಿನ ಕಡೆಗೇ ತಲೆ ಹಾಕಲಿಲ್ಲ. ಅದರ ಕೆಳಗೆ ಅವಳ 'ನಾನು ಮಾಡ್ತೀನಿ' ಕಂಡಾಗ ಇವಳೂ ಹಾಗೇ ಹೋಗಿಬಿಡುತ್ತಾಳೇನೋ ಎಂದು ಹೆದರಿದ. ಅಂದುಕೊಂಡ ಹಾಗೇ ಮುಂದಿನ ಶನಿವಾರ ಅವಳ ಕುರ್ಚಿ ಖಾಲಿ. ಅದರ ಮುಂದಿನ ಶನಿವಾರವೂ ಖಾಲಿ.

'ಹೇಗೆ ನಡೀತಿದೆ?' ಎಂದು ಬರೆದ. ಸಾಲ ವಸೂಲಿಗೆ ಬಂದವನ ಹಾಗಿದೆ ಅನ್ನಿಸಿ ಅಳಿಸಿದ. 'ಸಹಾಯ ಬೇಕಾ?' ಎಂದು ಬರೆದ. ನಿನ್ನ ಕೈಲಾಗಲ್ಲ ಅಂದಂತಾಯಿತಲ್ಲ ಎಂದು ಅದನ್ನೂ ಅಳಿಸಿದ. ಇವನು ಹೀಗೆ ಮಾತು ತೂಗುತ್ತಾ ಕೂತಿದ್ದಾಗ ಮೆಷೀನು ತೂಗದೆ ಆಡಿಬಿಟ್ಟಿತು.

ಅಂಗಡಿಯಲ್ಲಿ ಅವನ ಮುಖ ನೋಡಿಯೇ ಅಕ್ಕ ಕೇಳಿದಳು, "ಏನೋ, ಗ್ರಹಣ ಹಿಡಿದವನ ಹಾಗಿದ್ದೀಯ?"

ಎಲ್ಲ ಒದರಿದ.

"ಫೋನ್ ಮಾಡಿ ಹೇಳೋಕೆ ಏನು ದಾಡಿ?"

"ನಂಬರ್ ಇಲ್ಲ."

"ಇಷ್ಟು ದಿನ ನಂಬರ್ ಕೂಡ ಕೇಳಿಲ್ವಾ? ನಿನ್ನನ್ನ ಕಟ್ಕೊಂಡು ನಾನೇನು ಮಾಡ್ಲೋ!" ಹಣೆ ಚಚ್ಚಿಕೊಂಡಳು ಅಕ್ಕ. "ಕ್ಲಿನಿಕ್ ಗೊತ್ತು ತಾನೇ? ಎದ್ದು ಹೋಗು. ಅಂಗಡಿ ನಾನು ನೋಡ್ಕೋತೀನಿ."

ದಾರಿಯುದ್ದಕ್ಕೂ ಅವನದು ಒಂದೇ ಯೋಚನೆ. ಅವಳು ಹಿಡಿದ ಕೆಲಸ ಹೋದರೆ ಹಾಳಾಗಿ ಹೋಗಲಿ, ಅವಳು ಹೋಗಿಬಿಟ್ಟರೆ?

ಕ್ಲಿನಿಕ್ಕಿನ ಮುಂದಿನ ಮೇಜಿನ ಹಿಂದೆ ಕೂತಿದ್ದ ಹೆಂಗಸು ತಲೆ ಎತ್ತದೆ ಕೇಳಿದಳು, "ಎಲ್ಲಿ ನೋವು?"

"ಅದು... ಅವರ ಹತ್ರ ಸ್ವಲ್ಪ ಮಾತಾಡಬೇಕಿತ್ತು."

"ಎಲ್ಲರೂ ಮಾತಾಡೋಕೇ ಬರೋದು. ಕುತ್ತಿಗೆನಾ, ಸೊಂಟನಾ?"

"ಕುತ್ತಿಗೆ" ಅಂದುಬಿಟ್ಟ.

ಹಾಗಾಗಿ ಪರದೆ ಸರಿಸಿ ಒಳಬಂದ ಅವಳಿಗೆ ಸ್ಟೂಲಿನ ಮೇಲೆ ಬೆನ್ನು ಮಾಡಿ ಕೂತ ಮೇಷ್ಟ್ರು ಸಿಕ್ಕ. ಗುರುತು ಹಿಡಿದಳು. ನಿಂತಳು. ಅವನು ತಿರುಗಬೇಕು ಅನ್ನುವಷ್ಟರಲ್ಲಿ, "ಅಲ್ಲಾಡಬೇಡಿ. ತಲೆ ಬಗ್ಗಿಸಿ" ಅಂದಳು. ದನಿ ತಣ್ಣಗಿತ್ತು, ಬೆರಳು ಬೆಚ್ಚಗಿತ್ತು.

"ಕಲ್ಲಾಗಿದೆ ಕುತ್ತಿಗೆ. ಯಾವಾಗಿಂದ?"

"ನೀವು ಬರೋದು ನಿಲ್ಲಿಸಿದಾಗಿಂದ."

ಬೆರಳು ನಿಂತಿತು. ಈಗಲ್ಲದಿದ್ದರೆ ಇನ್ನಿಲ್ಲ ಎಂದು ಅವನು ಉಸಿರೆಳೆದುಕೊಂಡ. "ಆ ನೋಟಿಸು ನಾನು ನಿಮಗೆ ಬರೆದಿದ್ದಲ್ಲ. ಯಾವತ್ತೋ, ಯಾರಿಗೋ ಬರೆದಿಟ್ಟಿದ್ದು. ಮೆಷೀನು ತಾನಾಗೇ ಕಳಿಸ್ತು."

"ಮೆಷೀನ್ ಮೇಲೆ ಹಾಕ್ಬೇಡಿ" ಎಂದು ಒತ್ತಿದಳು. ಅವನು "ಅಮ್ಮಾ!" ಅಂದ. "ಮೆಷೀನು ಎರಡು ವಾರಕ್ಕೆ ಒಂದು ಸಲನಾದ್ರೂ ಕೇಳ್ತು. ನೀವು? ಬದುಕಿದ್ದೀಯಾ, ಸತ್ತಿದ್ದೀಯಾ ಅಂತ ಒಂದು ಮಾತು ಬೇಡ್ವಾ? ಇವಳ ಕೈಲಿ ಆಗಲ್ಲ, ತಾನಾಗೇ ಬಿಟ್ಟು ಹೋಗ್ಲಿ ಅಂತ ಕಾಯ್ತಿದ್ದೀರಿ ಅಂದ್ಕೊಂಡೆ."

"ಏನು ಕೇಳಿದ್ರೂ ತಪ್ಪಾಗುತ್ತೇನೋ ಅಂತ ಭಯ. ನೀವ್ಯಾಕೆ ಬರ್ಲಿಲ್ಲ?"

ಅವಳು ಹೆಬ್ಬೆರಳನ್ನು ಭುಜದ ಕಡೆಗೆ ಸರಿಸಿದಳು. "ಮನೇಲಿ ಊಟಕ್ಕೆ ಕೂತ್ರೆ ನಾವೆಲ್ಲ ಒಟ್ಟೊಟ್ಟಿಗೆ ಹರಟ್ತೀವಿ. ತಂಗಿ ಫೋನಲ್ಲಿ ಎಲ್ಲಾ ಕಲಸುಮೇಲೋಗರ. ನಾವು ನಗ್ತೀವಿ ಅಂತ ಅವಳೂ ನಗ್ತಾಳೆ, ಯಾಕೆ ಅಂತ ಗೊತ್ತಿಲ್ಲದೆ. ನನ್ನ ಕೈಲಿ ನೋಡೋಕಾಗಲ್ಲ. ಅದಕ್ಕೇ ಆ ಕೆಲಸ ಹಿಡಿದೆ. ಅರ್ಧ ದಾರೀಲಿ ಸಿಕ್ಕಿಹಾಕ್ಕೊಂಡೆ. ನಿಮ್ಮನ್ನ ಕೇಳಿದ್ರೆ ಮತ್ತೆ ತುತ್ತು ಮಾಡಿ ಬಾಯಿಗಿಡ್ತೀರಿ."

"ತುತ್ತಾ?"

"ಹೊಸಬರಿಗೆ, ಹೊಸಬರಿಗೆ ಅಂತ! ನಾನು ಬರೋ ಮುಂಚೆ ಆ ಥರದ್ದು ಒಂದೂ ಇರ್ಲಿಲ್ಲವಂತೆ. ಎಲ್ಲರೂ ಹೇಳ್ತಾರೆ. ನಾನೇನು ಮಗುನಾ?"

ಮೇಷ್ಟ್ರಿಗೆ ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಎದುರಿನ ಗೋಡೆಗೇ ಹೇಳಿದ, "ನಿಮಗೆ ಬರಲ್ಲ ಅಂತ ಅಲ್ಲ. ಮುಂದಿನ ಶನಿವಾರ ಬರೋಕೆ ನಿಮಗೊಂದು ಕೆಲಸ ಇರ್ಲಿ ಅಂತ."

"ನನಗೋಸ್ಕರ ಕೆಲಸ ಹುಟ್ಟಿಸ್ತಿದ್ರಾ?"

"ಹುಟ್ಟಿಸಿದ್ದಲ್ಲ. ಇದ್ದಿದ್ದನ್ನ ಮಾಡದೆ ನಿಮಗೆ ಅಂತ ಎತ್ತಿಡ್ತಿದ್ದೆ. ಆ ದೊಡ್ಡದನ್ನ ಹಿಡಿದವರು ಯಾರೂ ವಾಪಸ್ ಬಂದಿಲ್ಲ. ನನಗೆ ಅದೇ ಹೆದರಿಕೆ. ಕೆಲಸ ಬೇಕಾದ್ರೆ ಬಿಡಿ. ಬರೋದು ಬಿಡಬೇಡಿ. ನನಗೆ ನೀವು ಇಷ್ಟ. ತುಂಬಾ ಇಷ್ಟ."

ಪರದೆಯಾಚೆ ಯಾರೋ ಸೊಂಟ ಹಿಡಿದುಕೊಂಡು ನರಳುತ್ತಿದ್ದರು. ಅವನಿಗೂ ನರಳಬೇಕು ಅನ್ನಿಸಿತು.

"ಕುತ್ತಿಗೆ ಹಿಡಿದಾಗ ಹೇಳಿದ ಮಾತು ನಂಬಬಹುದಾ?" ಎಂದಳು ಕೊನೆಗೆ. ದನಿಯಲ್ಲಿ ನಗು ಇಣುಕುತ್ತಿತ್ತು.

"ಬಿಟ್ಟು ನೋಡಿ. ಆಮೇಲೂ ಅದನ್ನೇ ಹೇಳ್ತೀನಿ."

ಬಿಟ್ಟಳು. ಅವನು ತಿರುಗಿ, ಈ ಸಲ ಅವಳ ಮುಖ ನೋಡಿಕೊಂಡೇ ಹೇಳಿದ. ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಅಂಗೈಯಿಂದ ಕೆನ್ನೆ ಒರೆಸಿಕೊಂಡು, "ಕೆಂಪು ಕಿವಿ ನೋಡಿ ನೋಡಿ ನನಗೂ ಅಭ್ಯಾಸ ಆಗೋಗಿದೆ ಮೇಷ್ಟ್ರೇ" ಅಂದಳು. ಅವನಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಆ ಕೆಲಸ ಬಿಡಲ್ಲ. ನಾನೇ ಮಾಡೋದು. ಪಕ್ಕದಲ್ಲಿ ಕೂತ್ಕೋ. ಕೇಳಿದಾಗ ಮಾತ್ರ ಬಾಯಿ ಬಿಡು." ನೀವು ಅನ್ನುವುದು ಯಾವಾಗ ಹಾರಿಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಕೊನೆಯ ರೋಗಿ ಹೋದಮೇಲೆ ಅವಳು ಲ್ಯಾಪ್‌ಟಾಪ್ ತೆರೆದು ಕಿಟಕಿಯ ಹತ್ತಿರ ಕೂತಳು. ಸಂಜೆಯ ಬಿಸಿಲು ಕೀಲಿಮಣೆಯ ಮೇಲೆ ಬಿದ್ದಿತ್ತು. ಅವನು ಕೂತು ಒಂದು ಗಳಿಗೆಯೂ ಆಗಿರಲಿಲ್ಲ, ಅವಳು ಬರೆದದ್ದರಲ್ಲಿನ ತಪ್ಪು ಕಣ್ಣಿಗೆ ಬಿತ್ತು. ಇಷ್ಟು ದಿನ ಅವಳನ್ನು ಸತಾಯಿಸಿದ್ದು ಬರೀ ಒಂದು ಸಾಲು! ಕೈ ತಾನಾಗಿಯೇ ಮೇಲೆದ್ದಿತು.

ಅವಳು ಅದನ್ನು ಗಾಳಿಯಲ್ಲೇ ಹಿಡಿದಳು. "ಈ ಕೈ ಸುಮ್ಮನಿರೋ ಕೈ ಅಲ್ಲ" ಎಂದು ತನ್ನ ಮಡಿಲಲ್ಲಿಟ್ಟು ಬಿಗಿಯಾಗಿ ಹಿಡಿದುಕೊಂಡು, ಉಳಿದ ಒಂದೇ ಕೈಯಲ್ಲಿ ಒಂದೊಂದೇ ಅಕ್ಷರ ಒತ್ತತೊಡಗಿದಳು. ಮೊದಲು ಬೇಡದ ಕಡೆ ಹೋದಳು, ವಾಪಸ್ ಬಂದಳು, ತುಟಿ ಕಚ್ಚಿ ಮತ್ತೆ ಹುಡುಕಿದಳು. ಸರಿಯಾದ ಸಾಲಿನ ಹತ್ತಿರಕ್ಕೇ ಬಂದು ದಾಟಿ ಹೋದಳು. ಮೇಷ್ಟ್ರು ಬಾಯಿ ಬಿಡಲಿಲ್ಲ. ಹೇಗಿದ್ದರೂ ಅವಳು ಕಂಡುಹಿಡಿಯುತ್ತಾಳೆ ಎಂದು ಅವನಿಗೆ ಗೊತ್ತಾಗಿತ್ತು. ಕಂಡುಹಿಡಿದ ಕೂಡಲೇ ಎರಡೂ ಕೈಯಲ್ಲಿ ಬರೆಯಲು ತನ್ನ ಕೈ ಬಿಡುತ್ತಾಳಲ್ಲ, ಆದ್ದರಿಂದ ಇನ್ನೂ ಸ್ವಲ್ಪ ಹೊತ್ತು ಹಿಡಿಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾ ಕೂತ.