ಅಕ್ಕನ ಮಚ್ಚೆ

“ಟೀಚರ್, ಆ ಹುಡುಗಿಗೆ ಬ್ಯಾರೆ ಹೆಸರು ಇಟ್ಟೇ ಇಲ್ಲೇನ್ರೀ?”

ಅನಸೂಯಾಳ ಪ್ರಶ್ನೆ ಕೇಳಿ ಜಯಲತಾ ಟೀಚರ್ ಓದುವುದನ್ನು ನಿಲ್ಲಿಸಿದರು. ಲೈಬ್ರರಿ ಪೀರಿಯಡ್ಡಿನಲ್ಲಿ ಅವರು ಒಂದು ಕಾದಂಬರಿ ಓದಿ ಹೇಳುತ್ತಿದ್ದರು. ಮುಂದೆಂದೋ ಒಂದು ಕಾಲದ ಕತೆ ಅದು. ಮಗಳನ್ನು ಕಳೆದುಕೊಂಡ ಅಪ್ಪ ಅಮ್ಮ, ಅವಳ ಕೂದಲಿನಿಂದಲೇ ಅವಳಂಥ ಇನ್ನೊಬ್ಬಳನ್ನು ಮಾಡಿಸಿಕೊಳ್ಳುತ್ತಾರೆ. ಅದೇ ಫ್ರಾಕು, ಅದೇ ಹಾಸಿಗೆ.

“ಇಲ್ಲ, ಹಳೇ ಹೆಸರೇ,” ಎಂದರು ಟೀಚರ್.

“ಅಂದ್ರೆ ಝೆರಾಕ್ಸ್ ಹುಡುಗಿ!” ಎಂದು ಕಿಟ್ಟು ಕೂಗಿದ. ಕ್ಲಾಸಿಗೆ ಕ್ಲಾಸೇ ನಕ್ಕಿತು.

“ಝೆರಾಕ್ಸಿಗೆ ಹಸಿವಾಗ್ತದಾ ಮಾರಾಯ? ಅಳು ಬರ್ತದಾ? ಇವಳಿಗೆ ಬರ್ತದೆ,” ಎಂದರು ಟೀಚರ್.

ಅನಸೂಯಾ ನಗಲಿಲ್ಲ. ಅವಳ ಕೈ ಎಡಗೆನ್ನೆಯ ಕಾಡಿಗೆ ಬೊಟ್ಟಿಗೆ ಹೋಯಿತು.

ರಬಾಳೆಯ ಗಲ್ಲಿಯೊಂದರಲ್ಲಿ ಅವರಿರುವ ಒಂದೇ ಕೋಣೆಯ ಖೋಲಿಯ ಗೋಡೆಯ ಮೇಲೆ ಅಕ್ಕನ ಫೋಟೋ ಇದೆ. ಅನಸೂಯಾ ಹುಟ್ಟುವ ಮೊದಲೇ ಜ್ವರ ಬಂದು ತೀರಿಕೊಂಡವಳು. ಅವಳ ಹೆಸರೂ ಅನಸೂಯಾ. “ಹೋದಾಕಿನೇ ತಿರುಗಿ ಬಂದಾಳ” ಎಂದು ಅವ್ವ ಮರಗಮ್ಮ ಇವಳಿಗೂ ಅದೇ ಹೆಸರಿಟ್ಟಿದ್ದಳು.

ಅಕ್ಕನ ಎಡಗೆನ್ನೆಯ ಮೇಲೊಂದು ಮಚ್ಚೆ ಇತ್ತು. ಇವಳಿಗಿಲ್ಲ. ಅವ್ವ ದಿನಾ ಬೆಳಿಗ್ಗೆ ಸರಿಯಾಗಿ ಅಲ್ಲೇ ಕಾಡಿಗೆ ಇಡುತ್ತಾಳೆ. ಯಾರಾದರೂ ಕೇಳಿದರೆ ದೃಷ್ಟಿ ಬೊಟ್ಟು ಎನ್ನುತ್ತಾಳೆ. ಐದನೇ ಕ್ಲಾಸಿನ ಹುಡುಗಿಗೆ ಎಂಥ ದೃಷ್ಟಿ ಬೊಟ್ಟು!

ಆದರೂ ಅನಸೂಯಾ ಸುಮ್ಮನೆ ಕೆನ್ನೆ ಒಡ್ಡುತ್ತಿದ್ದಳು. ಬೊಟ್ಟು ಇಟ್ಟ ಮೇಲೆ ಅವ್ವ ಒಂದು ಗಳಿಗೆ ಅವಳನ್ನೇ ನೋಡುತ್ತಾಳಲ್ಲ, ಆ ನೋಟ ಅವಳಿಗೆ ಬೇಕಿತ್ತು. ಅವ್ವ ನೋಡುವುದು ತನ್ನನ್ನಲ್ಲ ಎಂದು ಇವತ್ತು ಹೊಳೆಯಿತು.

ಮರುದಿನ ಅವ್ವ ಕಾಡಿಗೆ ಡಬ್ಬಿ ತೆಗೆದಾಗ ಅವಳು ಮುಖ ಹಿಂದೆ ಸರಿಸಿದಳು.

“ಬ್ಯಾಡವ್ವಾ.”

“ಯಾಕ? ಹುಡುಗ್ರು ಚ್ಯಾಷ್ಟಿ ಮಾಡ್ತಾರೇನು?”

“ಅದಲ್ಲ. ಅದು ಅಕ್ಕನ ಮಚ್ಚಿ. ನಾ ಅಕ್ಕ ಅಲ್ಲ. ನನ್ನ ನೋಡವ್ವಾ.”

ಅವ್ವನ ಬೆರಳು ಅಲ್ಲೇ ನಿಂತಿತು. ಅವಳು ಬೈಯಲಿಲ್ಲ. ಫೋಟೋದ ಕಡೆ ನೋಡಿದಳು. ಬಿಸಿಲಿಗೆ ಬಣ್ಣ ಹೋಗಿ ಫೋಟೋದಲ್ಲಿ ಮಚ್ಚೆ ಕಾಣುತ್ತಲೇ ಇರಲಿಲ್ಲ.

“ಆಕಿ ಮಾರಿ ಮರ್ತು ಹೋದೀತು ಅಂತ ಅಂಜಿಕಿ ಬರ್ತದ ಯವ್ವಾ,” ಎಂದಳು. ದನಿ ಒಡೆದಿತ್ತು.

ಅವ್ವ ಅತ್ತದ್ದನ್ನು ಅನಸೂಯಾ ಅದುವರೆಗೆ ಕಂಡದ್ದೇ ಇರಲಿಲ್ಲ. ಡಬ್ಬಿ ಇಸಿದುಕೊಂಡು, ಸ್ಟೂಲು ಹತ್ತಿ, ಫೋಟೋದ ಗಾಜಿನ ಮೇಲೆ ಅಕ್ಕನ ಎಡಗೆನ್ನೆಗೆ ಒಂದು ಸಣ್ಣ ಬೊಟ್ಟು ಇಟ್ಟಳು.

“ಈಗ ಮರೆಯಂಗಿಲ್ಲ. ದಿನಾ ನಾನೇ ಇಡ್ತೀನಿ,” ಎಂದು ತಿರುಗಿ ನಕ್ಕಳು.

ಅವ್ವ ಅವಳನ್ನು ಕೆಳಗಿಳಿಸಿ ಬಾಗಿಲ ಬೆಳಕಿಗೆ ಕರೆದೊಯ್ದಳು. ಗದ್ದ ಹಿಡಿದು ಬಹಳ ಹೊತ್ತು ನೋಡಿದಳು.

“ನಕ್ಕರ ನಿನ್ನ ಬಲಗಲ್ಲದ ಮ್ಯಾಲೆ ಕುಣಿ ಬೀಳ್ತದ!”

“ಅಕ್ಕಗ ಬೀಳ್ತಿದ್ದಿಲ್ಲೇನು?”

“ಇಲ್ಲ. ನಿನಗಷ್ಟ.”

ಅನಸೂಯಾ ಬಲಗೆನ್ನೆಯ ಗುಳಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಶಾಲೆಗೆ ಹೊರಟಳು. ಗಲ್ಲಿಯ ತಿರುವಿಗೆ ಬಂದಿರಲಿಲ್ಲ, ಹಿಂದಿನಿಂದ ಅವ್ವ ಕೂಗಿದಳು.

“ಅನಸೂಯಾ! ಟಿಫಿನ್ ಮರ್ತಿ ನೋಡು!”

ಕರೆದದ್ದು ತನ್ನನ್ನೇ ಎಂದು ಅವಳಿಗೆ ಗೊತ್ತಿತ್ತು. ಅವಳು ಅವ್ವನ ಕಡೆಗೆ ಓಡಿದಳು.